ಬಾಯಿ ಬಿಗಿದವರಿಗೂ ಅವರ ಮನೆಯವರಿಗೂ: ಮಾಡಬೇಕಾದ್ದು, ಮಾಡಬಾರದ್ದು

ಅಡಿಕೆ, ಗುಟ್ಕಾ, ಪಾನ್ ಮಸಾಲ ಅಗಿದು ಅಗಿದು ಬಾಯಿ ಬಿಗಿಯುತ್ತಾ ಬಂದವರಿಗೆ ಈ ಸೂಚನೆ. ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕೆನ್ನೆಯ ಒಳಪೊರೆಯ ಅಡಿಯಲ್ಲಿ ನಾರು ಕಟ್ಟಿಕೊಳ್ಳುತ್ತದೆ. ಮೊದಲು ಖಾರ ತಾಗಿದರೆ ಉರಿ, ಆಮೇಲೆ ಬಾಯಿಯೇ ತೆರೆಯದು.

ಮಾಡಬೇಕಾದ್ದು

ಅಡಿಕೆಯನ್ನು ಇವತ್ತೇ ಬಿಡಿ. ತಂಬಾಕು ಬಿಟ್ಟಿದ್ದೇನೆ, ಬರೀ ಅಡಿಕೆ ತಾನೇ ಎನ್ನಬೇಡಿ. ನಾರು ಕಟ್ಟಲು ಮುಖ್ಯ ಕಾರಣ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ. ಅಡಿಕೆಯಲ್ಲಿನ ತಾಮ್ರವೂ ಜೊತೆಗೂಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿದೆ. ತೋಟವನ್ನೇ ನಂಬಿ ಬದುಕುವ ಮಲೆನಾಡಿನ ಮನೆಗಳಲ್ಲಿ ಈ ಮಾತು ಕಹಿಯಾಗಬಹುದು. ಆದರೂ ಹೇಳಲೇಬೇಕು. ಬಿಡಲು ಕಷ್ಟವಾದರೆ ತಂಬಾಕು ಬಿಡಿಸುವ ಸಹಾಯವಾಣಿ 1800-112-356ಕ್ಕೆ ಕರೆ ಮಾಡಿ, ಉಚಿತ.

ನಿಮ್ಮ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗುತ್ತವೆಯೇ ನೋಡಿಕೊಳ್ಳಿ. ಹೋಗದಿದ್ದರೆ ದಂತವೈದ್ಯರ ಬಳಿಗೆ ತಡಮಾಡದೆ ಹೋಗಿ. ವೈದ್ಯರು ಕಲಿಸಿದ ಬಾಯಿ ತೆರೆಯುವ ವ್ಯಾಯಾಮವನ್ನು ದಿನವೂ ಮಾಡಿ, ಶಸ್ತ್ರಚಿಕಿತ್ಸೆ ಆದಮೇಲಂತೂ ಒಂದು ದಿನವೂ ತಪ್ಪಿಸಬೇಡಿ. ತಪ್ಪಿಸಿದರೆ ಬಾಯಿ ಮತ್ತೆ ಬಿಗಿಯುತ್ತದೆ.

ವೈದ್ಯರಿಗೆ ಉರಿಯ ಬಗ್ಗೆ ಮಾತ್ರ ಹೇಳಿ ಸುಮ್ಮನಾಗಬೇಡಿ. ಮುದ್ದೆಯ ತುತ್ತು ಬಾಯೊಳಗೆ ಹೋಗುತ್ತಿಲ್ಲ, ಮದುವೆ ಊಟಕ್ಕೆ ಹೋಗುವುದನ್ನೇ ನಿಲ್ಲಿಸಿದ್ದೇನೆ, ಫೋನಿನಲ್ಲಿ ಎಲ್ಲರೂ ‘ಏನಂದ್ರಿ?’ ಅಂತ ಮತ್ತೆ ಕೇಳುತ್ತಾರೆ, ತೂಕ ಇಳಿದಿದೆ, ಯಾರ ಜೊತೆಗೂ ಬೆರೆಯಲು ಮನಸ್ಸಿಲ್ಲ: ಎಲ್ಲವನ್ನೂ ಹೇಳಿ. ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂಬ ಅಳತೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಕಾಯಿಲೆ ಕಿತ್ತುಕೊಂಡಿರುವುದು ಇದನ್ನೇ.

ಬೇರೆ ಯಾವುದೇ ಆಪರೇಷನ್ ಇದ್ದರೂ ಬಾಯಿ ತೆರೆಯುವುದಿಲ್ಲವೆಂದು ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ತಿಳಿಸಿ. ಉಸಿರಿನ ನಳಿಕೆ ಹಾಕುವುದು ಕಷ್ಟವಾಗುತ್ತದೆ. ಮರೆತರೆ ಪ್ರಾಣಕ್ಕೇ ಅಪಾಯ.

ಮಾಡಬಾರದ್ದು

ಕಟ್ಟಿದ ನಾರು ಔಷಧದಿಂದ ಪೂರ್ತಿ ಕರಗಿಹೋಗುತ್ತದೆ ಎನ್ನುವವರನ್ನು ನಂಬಬೇಡಿ. ಚಿಕಿತ್ಸೆಯಿಂದ ಉರಿ ತಗ್ಗುತ್ತದೆ, ಬಾಯಿ ಸ್ವಲ್ಪ ಸಡಿಲಾಗುತ್ತದೆ. ಅಷ್ಟೇ ಆದರೂ ಅದು ದೊಡ್ಡದು.

ಖಾರ ತಿನ್ನಲಾಗದೆಂದು ಊಟ ಬಿಡಬೇಡಿ. ಮೊಸರನ್ನ, ಗಂಜಿ, ಕಿವುಚಿದ ಬಾಳೆಹಣ್ಣು, ಮೆತ್ತಗೆ ಬೆಂದ ಬೇಳೆ ತಿನ್ನಿ. ಬ್ರಷ್ ಹಿಡಿಸದಿದ್ದರೆ ಮಕ್ಕಳ ಬ್ರಷ್ ಬಳಸಿ, ಹಲ್ಲುಜ್ಜುವುದನ್ನು ಬಿಡಬೇಡಿ.

ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಗಂಟು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಕಾಯಬೇಡಿ. ಈ ಕಾಯಿಲೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಅಡಿಕೆ ಬಿಟ್ಟ ಮೇಲೂ ಆ ಭಯ ಉಳಿದಿರುವುದರಿಂದ ತಪಾಸಣೆ ನಿಲ್ಲಿಸಬೇಡಿ.

ಮನೆಯವರೇ, ‘ನೀನೇ ಮಾಡಿಕೊಂಡಿದ್ದು’ ಎನ್ನಬೇಡಿ. ಹಾಗೆ ಕೇಳಿಸಿಕೊಂಡವರು ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗಿ ಒಬ್ಬರೇ ಉಣ್ಣುತ್ತಾರೆ, ಆಸ್ಪತ್ರೆಗೂ ಬರುವುದಿಲ್ಲ. ಅವರಿಗೆ ಖಾರವಿಲ್ಲದ ಸಾರನ್ನು ಬೇರೆ ತೆಗೆದಿಡಿ, ನಿಧಾನ ಉಣ್ಣಲು ಬಿಡಿ, ಅವರು ಮುಗಿಸುವವರೆಗೆ ಜೊತೆಗೆ ಕೂತಿರಿ.