ಬೆಕ್ಕಿನ ನೋವಿಗೆ ನಮ್ಮ ಮಾತ್ರೆ ಮದ್ದಲ್ಲ

ಇಶಾ ನಮಾಝ್ ಮುಗಿಸಿ ಮನೆಗೆ ಬರುತ್ತೀರಿ. ಹನ್ನೆರಡು ವರ್ಷದಿಂದ ಮಕ್ಕಳ ಜೊತೆಯೇ ಬೆಳೆದ ಬೆಕ್ಕು ಮಂಚದ ಕೆಳಗೆ ಮುದುರಿ ಕುಳಿತಿದೆ. ನಿನ್ನೆಯಿಂದ ಮೀನಿನ ತುಂಡನ್ನು ಮೂಸಿ ನೋಡಿ ಹಿಂದೆ ಸರಿಯುತ್ತಿದೆ. ಬಾಯಿಂದ ಜೊಲ್ಲು ಸುರಿಯುತ್ತಿದೆ, ದವಡೆಯ ಒಂದು ಬದಿ ಊದಿದೆ. ಎತ್ತಿಕೊಳ್ಳಲು ಹೋದರೆ ಸಿಡುಕುತ್ತದೆ. "ಅಬ್ಬಾ, ಅದಕ್ಕೆ ನೋವಾಗ್ತಿದೆ, ಏನಾದ್ರೂ ಕೊಡಿ" ಎಂದು ಮಗಳು ಅಳುತ್ತಿದ್ದಾಳೆ. ಕಪಾಟಿನಲ್ಲಿ ಜ್ವರದ ಮಾತ್ರೆಯ ಸ್ಟ್ರಿಪ್ ಇದೆ. ಕಾಲು ಭಾಗ ಮುರಿದು ಹಾಲಿನಲ್ಲಿ ಕಲಸಿ ಕೊಟ್ಟರೆ ರಾತ್ರಿ ಕಳೆದೀತು ಎಂದು ಯಾರಿಗಾದರೂ ಅನಿಸಬಹುದು.

ದಯವಿಟ್ಟು ಕೊಡಬೇಡಿ. ಕರುಣೆಯಿಂದ ಕೊಟ್ಟ ಆ ಕಾಲು ಮಾತ್ರೆಯೇ ಅದರ ಪ್ರಾಣ ತೆಗೆಯಬಹುದು. ಹಾಗೆಂದು "ಪ್ರಾಣಿ ತಾನೇ, ಸಹಿಸಿಕೊಳ್ಳುತ್ತದೆ" ಎಂದು ಸುಮ್ಮನಿರುವುದೂ ಸರಿಯಲ್ಲ. ಬೆಕ್ಕನ್ನು ಕಟ್ಟಿಹಾಕಿ, ಅನ್ನವನ್ನೂ ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ) ತಿಳಿಸಿದ ಸಂಗತಿ ನಮ್ಮ ಮಕ್ಕಳಿಗೂ ಗೊತ್ತು. ಸಾಕಿದ ಜೀವ ನಮ್ಮ ಕೈಯಲ್ಲಿರುವ ಅಮಾನತ್. ಅದರ ಹಸಿವಿಗೆ ನಾವು ಹೊಣೆಯಾದಂತೆ ಅದರ ನೋವಿಗೂ ಹೊಣೆ. ಆದ್ದರಿಂದ ತೀವ್ರ ಕಾಯಿಲೆಯ ಬೆಕ್ಕಿಗೆ ನೋವಿನ ಮದ್ದನ್ನು ಹೇಗೆ ಆರಿಸುತ್ತಾರೆ, ಅದರಲ್ಲಿ ಮನೆಯವರ ಪಾಲೇನು ಎಂಬುದನ್ನು ತಿಳಿಯೋಣ.

ನೋವನ್ನು ಬಚ್ಚಿಡುವ ಪ್ರಾಣಿ

ನಾಯಿ ನೋವಾದರೆ ಕುಂಯ್ ಎನ್ನುತ್ತದೆ. ಬೆಕ್ಕು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಮರೆಗೆ ಹೋಗುತ್ತದೆ. ಊಟ ಕಡಿಮೆಯಾಗುವುದು, ಕಿಟಕಿಯ ಮೇಲೆ ಹಾರದಿರುವುದು, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ಕೂದಲು ಗಂಟುಗಟ್ಟುವುದು, ಮರಳಿನ ತಟ್ಟೆ ಬಿಟ್ಟು ಬೇರೆಡೆ ಮೂತ್ರ ಮಾಡುವುದು, ಮುಟ್ಟಿದರೆ ಕೋಪಗೊಳ್ಳುವುದು ಇವೆಲ್ಲ ನೋವಿನ ಲಕ್ಷಣಗಳಾಗಿರಬಹುದು. ಗೊರಗೊರ ಸದ್ದು ಮಾಡುತ್ತಿದೆ ಎಂದರೆ ಸುಖವಾಗಿದೆ ಎಂದೇ ಅರ್ಥವಲ್ಲ. ನೋವಿನಲ್ಲಿರುವ ಬೆಕ್ಕೂ ಆ ಸದ್ದು ಮಾಡುತ್ತದೆ.

ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ನೋಡುವುದು ಐದು ಸಂಗತಿ: ಕಿವಿಗಳು ಪಕ್ಕಕ್ಕೆ ತಿರುಗಿವೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗಾಗಿದೆಯೇ, ತಲೆ ಭುಜಕ್ಕಿಂತ ಕೆಳಗೆ ಬಾಗಿದೆಯೇ. ಒಂದೊಂದಕ್ಕೂ 0, 1 ಅಥವಾ 2 ಅಂಕ. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವಿನ ಮದ್ದು ಬೇಕೆಂದು ಲೆಕ್ಕ. ಬೆಕ್ಕು ಎಚ್ಚರವಿದ್ದು ಶಾಂತವಾಗಿರುವಾಗ ದೂರದಿಂದಲೇ ಇದನ್ನು ನೋಡಬಹುದು. ಫೋನಿನಲ್ಲಿ ಒಂದು ಫೋಟೋ, ಒಂದು ಚಿಕ್ಕ ವಿಡಿಯೋ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿಕೆಯಿಂದ ಅದು ಬೇರೆಯೇ ರೀತಿ ವರ್ತಿಸುತ್ತದೆ. ಮನೆಯಲ್ಲಿ ಹೇಗಿತ್ತು ಎಂಬುದನ್ನು ವೈದ್ಯರಿಗೆ ನೀವೇ ತೋರಿಸಬೇಕು.

ಮನೆಯ ಮದ್ದಿನ ಡಬ್ಬಿ

ನಾವು ನುಂಗುವ ಪ್ಯಾರಸಿಟಮಾಲ್, ಅಂದರೆ ಡೋಲೋ, ಕ್ರೋಸಿನ್, ಕಾಲ್ಪಾಲ್ ಮುಂತಾದವು, ನಮ್ಮ ಯಕೃತ್ತಿನಲ್ಲಿ ಕರಗಿ ಹೊರಹೋಗುತ್ತವೆ. ಹಾಗೆ ಹೊರಹಾಕಲು ಬೇಕಾದ ಒಂದು ಕಿಣ್ವ ಬೆಕ್ಕಿನ ದೇಹದಲ್ಲಿ ಕೆಲಸ ಮಾಡುವುದಿಲ್ಲ. ಮದ್ದು ವಿಷವಾಗಿ ಮಾರ್ಪಟ್ಟು ರಕ್ತದ ಕೆಂಪು ಕಣಗಳ ಮೇಲೆ ಬೀಳುತ್ತದೆ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಲವೇ ಗಂಟೆಗಳಲ್ಲಿ ವಸಡು ಕಂದು ಅಥವಾ ನೀಲಿಯಾಗಿ, ಮುಖ ಮತ್ತು ಪಂಜಗಳು ಊದಿ, ಬೆಕ್ಕು ಏದುಸಿರು ಬಿಡತೊಡಗುತ್ತದೆ. ನಾಲ್ಕು ಕಿಲೋ ತೂಕದ ಬೆಕ್ಕಿಗೆ 500 ಮಿಲಿಗ್ರಾಂ ಮಾತ್ರೆಯ ಕಾಲು ಭಾಗವೂ ವಿಷವೇ. "ಮಗುವಿಗೆ ಕೊಡುವ ಸಿರಪ್ ತಾನೇ" ಎಂಬ ವಾದವೂ ನಡೆಯದು, ಅದರಲ್ಲಿರುವುದೂ ಇದೇ ಮದ್ದು.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಮಾತ್ರೆಗಳು ಬೆಕ್ಕಿನ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಆಸ್ಪಿರಿನ್ ಮನುಷ್ಯನ ಮೈಯಿಂದ ಬೇಗ ಹೊರಹೋದರೆ ಬೆಕ್ಕಿನ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಎರಡನೇ ದಿನದ ಮಾತ್ರೆ ಮೊದಲ ದಿನದ್ದರ ಮೇಲೆ ಕೂಡಿಕೊಳ್ಳುತ್ತಾ ಹೋಗುತ್ತದೆ.

ಹಚ್ಚುವ ಮದ್ದಿನ ಬಗ್ಗೆಯೂ ಎಚ್ಚರ ಬೇಕು. ಅಜ್ಜಿ ಮೊಣಕಾಲಿಗೆ ನೋವಿನ ಜೆಲ್ ಹಚ್ಚಿ ಕುಳಿತಿರುತ್ತಾರೆ, ಬೆಕ್ಕು ಮಡಿಲಿಗೆ ಬಂದು ಮಲಗುತ್ತದೆ, ಆಮೇಲೆ ತನ್ನ ಮೈ ನೆಕ್ಕಿಕೊಳ್ಳುತ್ತದೆ. ಮನೆಯವರು ಹಚ್ಚಿಕೊಂಡ ಫ್ಲರ್ಬಿಪ್ರೊಫೆನ್ ಎಂಬ ಮದ್ದಿನ ಸಂಪರ್ಕದಿಂದ ಬೆಕ್ಕುಗಳು ಸತ್ತದ್ದನ್ನು ಕಂಡು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಕೆ ನೀಡಿತ್ತು. ಕರ್ಪೂರ, ನೀಲಗಿರಿ ಎಣ್ಣೆ, ನೋವಿನ ಬಾಮುಗಳನ್ನು ಬೆಕ್ಕಿನ ಮೈಗೆ ಹಚ್ಚಲೇಬಾರದು.

ತಿಳಿಯದೆ ಕೊಟ್ಟುಬಿಟ್ಟಿದ್ದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡಿದು ಕೂಡಲೇ ಪಶುವೈದ್ಯರ ಬಳಿ ಓಡಿ. ಎಷ್ಟು ಕೊಟ್ಟಿರಿ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂಬುದನ್ನು ನಾಚಿಕೆಪಡದೆ ಹೇಳಿ. ಪ್ಯಾರಸಿಟಮಾಲ್ ವಿಷಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. ಬೇಗ ಕೊಟ್ಟಷ್ಟೂ ಅದು ಉಪಯೋಗಕ್ಕೆ ಬರುತ್ತದೆ.

ವೈದ್ಯರ ಕೈಯಲ್ಲಿರುವ ಮದ್ದುಗಳು

ಪಶುವೈದ್ಯರು ನೋವು ಎಷ್ಟಿದೆ ಎಂಬುದರ ಜೊತೆಗೆ ಬೆಕ್ಕಿನ ತೂಕ, ಮೂತ್ರಪಿಂಡ, ಯಕೃತ್ತು, ಅದು ತಿನ್ನುತ್ತಿದೆಯೇ, ಮೈಯಲ್ಲಿ ನೀರಿನಂಶ ಇದೆಯೇ ಎಂದು ನೋಡಿ ಮದ್ದು ಆರಿಸುತ್ತಾರೆ. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ಕಾಯಿಲೆ ಬಹಳ ಸಾಮಾನ್ಯ. ಅದಕ್ಕೇ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಇದನ್ನು ದುಂದುವೆಚ್ಚ ಎಂದುಕೊಳ್ಳಬೇಡಿ. ಯಾವ ಮದ್ದು ಬೇಡ ಎಂದು ಹೇಳುವುದು ಆ ಪರೀಕ್ಷೆಯೇ.

ಮೊದಲನೆಯದು ಮೆಲೊಕ್ಸಿಕಾಮ್. ಬಾವು ಮತ್ತು ಸಂಧಿನೋವಿಗೆ ಒಳ್ಳೆಯ ಮದ್ದು. ಯುರೋಪಿನಲ್ಲಿ ಬೆಕ್ಕುಗಳಿಗೆ ಅತಿ ಕಡಿಮೆ ಪ್ರಮಾಣದಲ್ಲಿ ದಿನವೂ ಕೊಡುವ ರೂಢಿಯಿದೆ. ಅಮೆರಿಕದಲ್ಲಿ ಮಾತ್ರ, ಮತ್ತೆ ಮತ್ತೆ ಕೊಟ್ಟರೆ ಮೂತ್ರಪಿಂಡ ವಿಫಲವಾಗಿ ಬೆಕ್ಕು ಸಾಯಬಹುದೆಂಬ ಎಚ್ಚರಿಕೆಯನ್ನು 2010ರಿಂದ ಅದರ ಲೇಬಲ್ ಮೇಲೆ ಅಚ್ಚು ಹಾಕಲಾಗಿದೆ. ಎರಡು ಕಡೆಯೂ ಮದ್ದು ಒಂದೇ. ಯಾವ ಬೆಕ್ಕಿಗೆ, ಎಷ್ಟು, ಎಷ್ಟು ದಿನ ಎಂಬುದೇ ಪ್ರಶ್ನೆ. ನೀರು ಕುಡಿಯದ, ವಾಂತಿ ಮಾಡುತ್ತಿರುವ ಬೆಕ್ಕಿಗೆ ಇದು ಅಪಾಯ. ನಾಯಿಗಳಿಗೆ ಬರುವ ದ್ರಾವಣ ಬೆಕ್ಕಿನದ್ದಕ್ಕಿಂತ ಮೂರು ಪಟ್ಟು ಗಾಢವಾಗಿರಬಹುದು. ನೆರೆಮನೆಯ ನಾಯಿಗೆ ತಂದ ಬಾಟಲಿಯಿಂದ ಎರಡು ಹನಿ ಕೇಳಿ ತರುವುದು ಆದ್ದರಿಂದ ಸಲ್ಲದು.

ಎರಡನೆಯದು ಅಫೀಮಿನ ವರ್ಗದ ಮದ್ದುಗಳು. ಬುಪ್ರೆನಾರ್ಫಿನ್ ಬೆಕ್ಕುಗಳಿಗೆ ಚೆನ್ನಾಗಿ ಒಗ್ಗುತ್ತದೆ. ನುಂಗಿಸದೆ ವಸಡಿನ ಬದಿಗೆ ಹನಿ ಬಿಟ್ಟರೂ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಬ್ಯುಟಾರ್ಫನಾಲ್ ಚುಚ್ಚುಮದ್ದಿನ ಪರಿಣಾಮ ಕೆಲವು ಗಂಟೆಗಳಷ್ಟೇ. ಟ್ರಮಡಾಲ್ ವಿಪರೀತ ಕಹಿಯಾದ್ದರಿಂದ ಬೆಕ್ಕು ನೊರೆ ಉಗುಳುತ್ತದೆ. ಬುಪ್ರೆನಾರ್ಫಿನ್ ಮತ್ತು ಟ್ರಮಡಾಲ್ ಮಾದಕ ವಸ್ತುಗಳ ಕಾನೂನಿನ ಹಿಡಿತದಲ್ಲಿವೆ, ಚೀಟಿಯಿಲ್ಲದೆ ಸಿಗವು. ಔಷಧದ ಅಂಗಡಿಯಲ್ಲಿ ಇಲ್ಲವೆಂದರೆ ಆಸ್ಪತ್ರೆಯಲ್ಲೇ ಕೊಡಿಸಲು ಸಾಧ್ಯವೇ ಎಂದು ಕೇಳಿ. "ಇದು ನಶೆಯ ಮದ್ದಲ್ಲವೇ, ತಪ್ಪಲ್ಲವೇ" ಎಂಬ ಅಳುಕು ಬೇಡ. ವೈದ್ಯರು ನೋವು ಶಮನಕ್ಕೆಂದು ಅಳೆದು ಕೊಡುವುದು ಚಿಕಿತ್ಸೆ.

ಮೂರನೆಯದು ಗಬಪೆಂಟಿನ್. ನರದ ನೋವಿಗೆ, ಹೆದರಿಕೆಗೆ ಕೊಡುತ್ತಾರೆ. ಮೊದಮೊದಲು ತೂಕಡಿಕೆ, ನಡೆಯುವಾಗ ತೂರಾಟ ಇರುತ್ತದೆ. ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು. ಬಹುಕಾಲ ಕೊಟ್ಟ ಮೇಲೆ ಒಮ್ಮೆಲೇ ನಿಲ್ಲಿಸಬಾರದು.

ಇದರ ಜೊತೆ ಸ್ಟಿರಾಯ್ಡ್ ವಿಷಯ. ಬಾಯಿಯ ಉರಿಯೂತಕ್ಕೆ, ಕೆಲವು ಕ್ಯಾನ್ಸರ್‌ಗಳಿಗೆ ಪ್ರೆಡ್ನಿಸೊಲೋನ್ ಕೊಡುವುದುಂಟು. ಸ್ಟಿರಾಯ್ಡ್ ಮತ್ತು ಮೆಲೊಕ್ಸಿಕಾಮ್ ಒಟ್ಟಿಗೆ ಬಿದ್ದರೆ ಹೊಟ್ಟೆ, ಕರುಳಿನಲ್ಲಿ ಹುಣ್ಣಾಗುತ್ತದೆ. ಮೊದಲು ಒಬ್ಬ ವೈದ್ಯರಿಗೆ ತೋರಿಸಿ ಆಮೇಲೆ ಇನ್ನೊಬ್ಬರ ಬಳಿ ಹೋದರೆ ಹಿಂದಿನ ಚೀಟಿಯನ್ನು ಮರೆಯದೆ ಒಯ್ಯಿರಿ.

ಈಗ ಮಂಚದ ಕೆಳಗಿನ ನಮ್ಮ ಬೆಕ್ಕಿಗೆ ಬನ್ನಿ. ದವಡೆಯ ಊತ ಗಡ್ಡೆ ಎಂದು ಗೊತ್ತಾಯಿತು, ರಕ್ತದಲ್ಲಿ ಕ್ರಿಯಾಟಿನಿನ್ ಏರಿದೆ ಎನ್ನೋಣ. ಇಂಥ ಬೆಕ್ಕಿಗೆ ವೈದ್ಯರು ಮೆಲೊಕ್ಸಿಕಾಮ್ ಬರೆಯಲು ಹಿಂಜರಿಯುತ್ತಾರೆ. ಮೊದಲು ಚರ್ಮದ ಅಡಿಗೆ ಸಲೈನ್ ಕೊಟ್ಟು ನೀರಿನಂಶ ತುಂಬಿಸಿ, ಬುಪ್ರೆನಾರ್ಫಿನ್‌ನಿಂದ ಆರಂಭಿಸಿ, ಕಡಿಮೆ ಪ್ರಮಾಣದ ಗಬಪೆಂಟಿನ್ ಸೇರಿಸಬಹುದು. ವಾಂತಿ ತಡೆಯುವ, ಹಸಿವು ಹೆಚ್ಚಿಸುವ ಮದ್ದೂ ಬೇಕಾಗಬಹುದು. ಮೂತ್ರಪಿಂಡ ಗಟ್ಟಿಯಾಗಿದ್ದು ಬರೀ ಸಂಧಿನೋವಿರುವ ಬೆಕ್ಕಿಗೆ ಆಯ್ಕೆ ಬೇರೆ. ಒಂದು ಬೆಕ್ಕಿನ ಚೀಟಿ ಇನ್ನೊಂದು ಬೆಕ್ಕಿಗೆ ನಡೆಯದಿರುವುದು ಇದಕ್ಕೇ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ಈ ಮದ್ದು ಯಾವ ವರ್ಗದ್ದು? ಮೂತ್ರಪಿಂಡ ನೋಡಿ ಬರೆದದ್ದೇ?
2. ಎಷ್ಟು ಮಿಲಿಲೀಟರ್, ಎಷ್ಟು ಗಂಟೆಗೊಮ್ಮೆ, ಎಷ್ಟು ದಿನ?
3. ಊಟ ಮಾಡದಿದ್ದ ದಿನ ಕೊಡಬೇಕೇ, ಬಿಡಬೇಕೇ?
4. ಯಾವ ಲಕ್ಷಣ ಕಂಡರೆ ನಿಲ್ಲಿಸಿ ಫೋನ್ ಮಾಡಬೇಕು?
5. ಇದು ಸಾಲದಿದ್ದರೆ ಮುಂದಿನ ದಾರಿ ಏನು?

ನಿಮ್ಮ ಕೈಯಲ್ಲಿ ಹಣ ಕಡಿಮೆಯಿದ್ದರೆ ಅದನ್ನೂ ಮೊದಲೇ ಹೇಳಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಸರಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ. ಅವುಗಳ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಒಂದು ಮಾತು ನೆನಪಿರಲಿ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು, ಕೂಗಿ, ಹನಿಯೂ ಬರದಿದ್ದರೆ ಅದು ಮೂತ್ರನಾಳ ಕಟ್ಟಿಕೊಂಡ ಸ್ಥಿತಿ. ಅಲ್ಲಿ ನೋವಿನ ಮದ್ದು ಹುಡುಕುತ್ತಾ ಕೂರಬಾರದು. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು.

ಮನೆಯ ಆರೈಕೆ, ಶುಚಿತ್ವ

ಸೂಜಿಯಿಲ್ಲದ ಚಿಕ್ಕ ಸಿರಿಂಜ್‌ನಿಂದಲೇ ಅಳೆದು ಕೊಡಿ, ಚಮಚದ ಅಂದಾಜು ಬೇಡ. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಮನೆಯಲ್ಲಿ ನಾಲ್ಕು ಜನ ಇದ್ದರೆ ಒಂದೇ ಮದ್ದು ಎರಡು ಬಾರಿ ಬೀಳುವುದು ಸುಲಭ. ಮೆತ್ತಗೆ ಬೇಯಿಸಿ ಮುಳ್ಳು ತೆಗೆದ ಮೀನು ಅಥವಾ ಕೋಳಿಯನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಉಗುರುಬೆಚ್ಚಗೆ ಕೊಡಿ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊಸ ಕಾಯಿಲೆ ಶುರುವಾಗಬಹುದು. ಅಂಚು ತಗ್ಗಾದ ಮರಳಿನ ತಟ್ಟೆ, ಮೆತ್ತನೆಯ ಹಾಸಿಗೆ, ನೀರು ಮೂರನ್ನೂ ಹತ್ತಿರದಲ್ಲೇ ಇಡಿ.

ನೋವಿನಲ್ಲಿರುವ ಬೆಕ್ಕು ಯಜಮಾನನನ್ನೂ ಕಚ್ಚುತ್ತದೆ. ದಪ್ಪ ಟವೆಲ್‌ನಲ್ಲಿ ಸುತ್ತಿ ಹಿಡಿಯಿರಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ, ರೇಬಿಸ್ ಲಸಿಕೆಯ ಬಗ್ಗೆ ಕೇಳಿ. ಬೆಕ್ಕು ಬಾಯಿಟ್ಟ ನೀರು ಅಶುದ್ಧವಲ್ಲ, ಅದು ನಮ್ಮ ನಡುವೆ ಓಡಾಡುವ ಜೀವ ಎಂದು ಹದೀಸ್‌ನಲ್ಲಿ ಬಂದಿದೆ. ಆದರೆ ಮೂತ್ರ, ವಾಂತಿ ತಗುಲಿದ ಬಟ್ಟೆಯನ್ನು ತೊಳೆದೇ ನಮಾಝ್‌ಗೆ ಬಳಸಬೇಕು. ಮರಳು ಬದಲಿಸುವ ಕೆಲಸ ಗರ್ಭಿಣಿಯರಿಗೆ ಬೇಡ. ಯಾರೇ ಮಾಡಿದರೂ ಕೈ ತೊಳೆಯಬೇಕು.

ಕೊನೆಯ ದಿನಗಳು

ಕೆಲವು ಕಾಯಿಲೆ ಗುಣವಾಗುವುದಿಲ್ಲ. ಆಗ ಚಿಕಿತ್ಸೆ ನಿಲ್ಲಿಸುವ ದಿನ ಬರಬಹುದು, ನೋವು ಶಮನ ಮಾಡುವುದನ್ನು ನಿಲ್ಲಿಸುವ ದಿನ ಬರಬಾರದು. ದಿನದ ಕೊನೆಗೆ ನಾಲ್ಕು ಸಾಲು ಬರೆಯಿರಿ: ತಿಂದಿತೇ, ನೀರು ಕುಡಿಯಿತೇ, ಎದ್ದು ಓಡಾಡಿತೇ, ಮುಟ್ಟಿದಾಗ ಹತ್ತಿರ ಬಂದಿತೇ. ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳು ಹೆಚ್ಚಾದರೆ ಆ ಪುಸ್ತಕವನ್ನು ವೈದ್ಯರ ಮುಂದಿಟ್ಟು ಮಾತಾಡಿ. ಸೂಜಿಮದ್ದಿನಿಂದ ನೋವಿಲ್ಲದೆ ಕಳುಹಿಸಿಕೊಡುವ ಮಾತು ಬಂದರೆ, ಇನ್ನು ಗುಣವಾಗುವ ಸಾಧ್ಯತೆ ಇದೆಯೇ ಎಂಬುದನ್ನು ವೈದ್ಯರಿಂದಲೂ, ಅದರ ವಿಧಿಯನ್ನು ನೀವು ನಂಬುವ ಆಲಿಮರಿಂದಲೂ ಕೇಳಿ ತಿಳಿಯಿರಿ. ಮಕ್ಕಳಿಂದ ಮುಚ್ಚಿಡಬೇಡಿ. ಮಾತು ಬಾರದ ಜೀವದ ನೋವನ್ನು ದೊಡ್ಡವರು ಹೇಗೆ ನೋಡಿಕೊಂಡರು ಎಂಬುದನ್ನು ಅವರು ಮರೆಯುವುದಿಲ್ಲ.

ಇಂದೇ ಮಾಡಬಹುದಾದ ಕೆಲಸ ಒಂದಿದೆ. ರಾತ್ರಿಯೂ ಫೋನ್ ಎತ್ತುವ ಹತ್ತಿರದ ಪಶುವೈದ್ಯರ ನಂಬರನ್ನು ಹುಡುಕಿ, ಚೀಟಿಯಲ್ಲಿ ಬರೆದು, ಮದ್ದಿನ ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿ. ಗಾಬರಿಯಲ್ಲಿ ಕೈ ಮೊದಲು ಹೋಗುವುದು ಅಲ್ಲಿಗೇ.