ಗಜನಿ ಭೂಮಿಯ ಒಡ್ಡು: ಕಾಯಿದೆ, ವಿಜ್ಞಾನ ಮತ್ತು ಕೈಗಾರಿಕೆಗಳ ಪರಸ್ಪರ ಸಂಬಂಧ

ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಕಾಳಿ, ಗಂಗಾವಳಿ ಮೊದಲಾದ ಹೊಳೆಗಳು ಸಮುದ್ರವನ್ನು ಸೇರುವ ಎಡೆಗಳಲ್ಲಿ ಗಜನಿ ಎಂದು ಕರೆಯಲ್ಪಡುವ ತಗ್ಗು ಭೂಮಿಗಳಿವೆ. ದಿನಕ್ಕೆರಡು ಸಲ ಏರುವ ಉಬ್ಬರದ ನೀರನ್ನು ಒಡ್ಡಿನಿಂದ ತಡೆದು, ಮಳೆಗಾಲದಲ್ಲಿ ಬತ್ತವನ್ನೂ ತರುವಾಯ ಮೀನು-ಸಿಗಡಿಗಳನ್ನೂ ಇವುಗಳಿಂದ ಪಡೆಯುವುದು ಪೂರ್ವದಿಂದ ಬಂದ ಪದ್ಧತಿ. ಇದೇ ಅಂಕೋಲೆಯಲ್ಲಿ 1930ರಲ್ಲಿ ಜನರು ಸಮುದ್ರದ ನೀರಿನಿಂದ ಉಪ್ಪನ್ನು ತೆಗೆದು ಆಗಿನ ಉಪ್ಪಿನ ಕಾಯಿದೆಯನ್ನು ಮುರಿದ ಸಂಗತಿ ಸರ್ವವಿದಿತವಾಗಿದೆ. ಉಪ್ಪು ತೆಗೆಯಬಾರದೆಂಬ ಆ ಕಾಯಿದೆ ಹೋಯಿತು. ಆದರೆ ಉಪ್ಪನ್ನು ಗದ್ದೆಯಿಂದ ಹೊರಗಿಡುವ ಕಾರ್ಯಕ್ಕೆ ಕಾಯಿದೆಯ ಆಶ್ರಯವು ಇಂದಿಗೂ ಬೇಕಾಗಿದೆ. ಗಜನಿಯ ವಿಷಯದಲ್ಲಿ ಕಾಯಿದೆಯೂ ವಿಜ್ಞಾನವೂ ಒಡ್ಡು-ತೂಬುಗಳ ಕೈಗಾರಿಕೆಯೂ ಒಂದನ್ನೊಂದು ಹೇಗೆ ಮಾರ್ಪಡಿಸುತ್ತ ಬಂದಿವೆ ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯ.

ಭೂಮಿಯ ಗುಣ

ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಮಣ್ಣಿನಲ್ಲಿ ಲವಣವು ಹೆಚ್ಚಿದಾಗ, ಗದ್ದೆಯಲ್ಲಿ ನೀರು ನಿಂತಿದ್ದರೂ ಬೇರುಗಳು ಅದನ್ನು ಹೀರಿಕೊಳ್ಳಲಾರದೆ ಸಸಿಯು ಬಾಡುತ್ತದೆ. ಮಣ್ಣಿನ ಸಾರದ ವಿದ್ಯುದ್ವಾಹಕತೆಯನ್ನು ಅಳೆದು ಅದು ಮೀಟರಿಗೆ 4 ಡೆಸಿಸೀಮೆನ್ಸನ್ನು ಮೀರಿದರೆ ಅಂಥ ಮಣ್ಣನ್ನು ಲವಣಯುಕ್ತವೆಂದು ಶಾಸ್ತ್ರಜ್ಞರು ಗಣಿಸುತ್ತಾರೆ. ಕರಾವಳಿಯ ಅತಿವೃಷ್ಟಿಯು ಈ ದೋಷಕ್ಕೆ ಪ್ರಕೃತಿಯೇ ಒದಗಿಸಿದ ಪರಿಹಾರವಾಗಿದೆ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ಕರಗಿಸಿ ಹೊರಕ್ಕೆ ಸಾಗಿಸುತ್ತವೆ. ಆ ಬಳಿಕ ಕಗ್ಗದಂತಹ, ಉಪ್ಪನ್ನೂ ಕೆಲಕಾಲದ ಮುಳುಗಡೆಯನ್ನೂ ತಾಳುವ ಎತ್ತರದ ತಳಿಯನ್ನು ಬಿತ್ತುವುದು ವಾಡಿಕೆ. ಉಪ್ಪು ತೊಳೆದು ಹೋಗಬೇಕಾದರೆ ಮಳೆಯ ನೀರು ಹೊರಗೆ ಹರಿಯಬೇಕು, ಹೊಳೆಯ ನೀರು ಒಳಗೆ ಬರಬಾರದು.

ಈ ಎರಡು ಕೆಲಸಗಳನ್ನೂ ಒಡ್ಡಿನ ತೂಬು ಮಾಡುತ್ತದೆ. ಅದರ ಹಲಗೆಯ ಬಾಗಿಲು ಉಬ್ಬರದ ಒತ್ತಡಕ್ಕೆ ಮುಚ್ಚಿಕೊಂಡು ಇಳಿತದಲ್ಲಿ ಒಳನೀರಿನ ಒತ್ತಡಕ್ಕೆ ತೆರೆದುಕೊಳ್ಳುವಂತಿರಬೇಕು. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ದೊಡ್ಡ ಉಬ್ಬರದಲ್ಲಿ ಒಂದು ಹಲಗೆ ಸಡಿಲವಾದರೂ, ಒಡ್ಡು ಒಂದೆಡೆ ಒಡೆದರೂ, ಹಾನಿಯು ಒಬ್ಬನ ಗದ್ದೆಗೆ ಮಾತ್ರ ಆಗದೆ ಇಡೀ ಬಯಲಿಗೆ ಆಗುತ್ತದೆ. ಗಜನಿಗೆ ಕಾಯಿದೆಯ ಅವಶ್ಯಕತೆಯು ಹುಟ್ಟುವುದು ಇಲ್ಲಿಯೇ.

ಕಾಯಿದೆಯ ಪ್ರವೇಶ

ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಆಡಳಿತದಲ್ಲಿದ್ದಾಗ 1948ರ ಮುಂಬಯಿ ಖಾರ ಭೂಮಿಗಳ ಕಾಯಿದೆಯು ಜಾರಿಗೆ ಬಂದಿತು. ಸಮುದ್ರದಿಂದಾಗಲಿ ಉಬ್ಬರವೇರುವ ಹೊಳೆಯಿಂದಾಗಲಿ ಒಡ್ಡಿನ ಮೂಲಕ ರಕ್ಷಿತವಾಗಿ ಉಪಯೋಗಕ್ಕೆ ಬಂದ ಭೂಮಿಯನ್ನೇ ಆ ಕಾಯಿದೆ ಖಾರ ಭೂಮಿಯೆಂದು ಕರೆಯಿತು. ಮಣ್ಣಿನ ಬಣ್ಣದಿಂದಾಗಲಿ ಬೆಳೆಯಿಂದಾಗಲಿ ಅಲ್ಲದೆ, ಒಡ್ಡಿನಿಂದಲೇ ಭೂಮಿಯ ಲಕ್ಷಣವನ್ನು ಹೇಳಿರುವುದು ಗಮನಾರ್ಹ. ಒಡ್ಡು ಖಾಸಗಿ ಕಾರ್ಯವಲ್ಲ, ಅನೇಕರ ಹಿತಕ್ಕೆ ಸಂಬಂಧಿಸಿದ್ದು ಎಂಬ ತತ್ತ್ವವು ಹೀಗೆ ಶಾಸನದಲ್ಲಿ ಸ್ಥಾನ ಪಡೆಯಿತು. ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಖಾರ್ಲ್ಯಾಂಡ್ ಎಂಬ ಹೆಸರು ಮಾತ್ರ ಇಲ್ಲಿನ ಒಡ್ಡುಗಳಿಗೆ ಉಳಿದುಕೊಂಡಿತು.

ಎರಡನೆಯ ದೊಡ್ಡ ಬದಲಾವಣೆಯು ಭೂಸುಧಾರಣೆಯಿಂದ ಆಯಿತು. 1974ರ ಮಾರ್ಚ್ 1ರಿಂದ ಗೇಣಿಯ ಜಮೀನುಗಳು ಸರಕಾರದಲ್ಲಿ ನಿಹಿತವಾಗಿ, ಗೇಣಿದಾರರು ಅಧಿಭೋಗದ ಹಕ್ಕನ್ನು ಪಡೆಯಲು ಅರ್ಹರಾದರು. ಉಳುವವನಿಗೆ ನ್ಯಾಯವು ದೊರೆಯಿತು. ಆದರೆ ಒಬ್ಬ ಧಣಿಯ ಅಪ್ಪಣೆಯಂತೆ ಮಣ್ಣು ಹಾಕಿ ಕಟ್ಟುತ್ತಿದ್ದ ಒಡ್ಡಿಗೆ ಈಗ ಅನೇಕ ಸಣ್ಣ ಹಿಡುವಳಿದಾರರ ಒಮ್ಮತವು ಬೇಕಾಯಿತು. ಹಕ್ಕನ್ನು ಹಂಚುವ ಕಾಯಿದೆಯು ಒಡ್ಡಿನ ದುರಸ್ತಿಯ ಹೊಣೆಯನ್ನು ತಾನಾಗಿಯೇ ಹಂಚಲಾರದು. ಆ ಹೊಣೆಯನ್ನು ಗ್ರಾಮಸ್ಥರೇ ಒಪ್ಪಂದದಿಂದ ಹಂಚಿಕೊಳ್ಳಬೇಕಾಗುತ್ತದೆ.

ಸಿಗಡಿ ಮತ್ತು ನ್ಯಾಯಾಲಯ

ಸಿಗಡಿಗೆ ಪರದೇಶದಲ್ಲಿ ಬೆಲೆ ಬಂದಾಗ ದೇಶದ ಕರಾವಳಿಯಲ್ಲೆಲ್ಲ ಪಂಪು, ಮೊಟ್ಟೆಕೇಂದ್ರದ ಮರಿ ಮತ್ತು ತಯಾರಿಸಿದ ಆಹಾರಗಳನ್ನು ಅವಲಂಬಿಸಿದ ಹೊಸ ಸಾಕಣೆಯು ಹಬ್ಬಿತು. ಇದರಿಂದ ಬಾವಿಗಳ ನೀರು ಕೆಟ್ಟುದಾಗಿಯೂ ಗದ್ದೆಗಳು ಉಪ್ಪಾದುದಾಗಿಯೂ ದೂರುಗಳು ಬಂದು, ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 11ರಂದು ತೀರ್ಪು ನೀಡಿತು. ಕರಾವಳಿ ನಿಯಂತ್ರಣ ವಲಯದಲ್ಲಿ ಅಂಥ ಹೊಂಡಗಳು ಇರಕೂಡದೆಂದೂ, ಸಾಗುವಳಿಯ ಭೂಮಿಯನ್ನು ಸಿಗಡಿಯ ಹೊಂಡವಾಗಿ ಪರಿವರ್ತಿಸಕೂಡದೆಂದೂ ವಿಧಿಸಿತು. ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಸಾಕಣೆಗೆ ಮಾತ್ರ ವಿನಾಯಿತಿ ಕೊಟ್ಟಿತು. ಯಾವುದು ಸಾಂಪ್ರದಾಯಿಕ ಎಂಬುದನ್ನು ನಿರ್ಣಯಿಸುವಲ್ಲಿ ನ್ಯಾಯಾಧೀಶರಿಗೆ ಶಾಸ್ತ್ರಜ್ಞರ ವರದಿಗಳೇ ಆಧಾರವಾದವು. ಕೊಯ್ಲಿನ ನಂತರ ತೂಬು ತೆರೆದು ಉಬ್ಬರದೊಡನೆ ಬಂದ ಮರಿಗಳನ್ನು ಬೆಳೆಸುವ ರೂಢಿಯು ಇದರಿಂದ ಕಾಯಿದೆಯ ದೃಷ್ಟಿಯಲ್ಲಿಯೂ ಬೇರೆಯಾದ ಒಂದು ವರ್ಗವಾಯಿತು. ತರುವಾಯ ಸಂಸತ್ತು 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯಿದೆಯನ್ನು ಮಾಡಿ ಸಾಕಣೆಯ ನೋಂದಣಿಯನ್ನು ಕಡ್ಡಾಯಗೊಳಿಸಿತು. 2023ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು.

ಗೆರೆಯನ್ನು ಎಳೆಯುವ ಉಪ್ಪು

1991ರಲ್ಲಿ ಮೊದಲು ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗೆ 2011ರಲ್ಲಿಯೂ 2019ರಲ್ಲಿಯೂ ಹೊಸ ರೂಪ ಬಂದಿತು. ಹೊಳೆಯಲ್ಲಿ ಈ ವಲಯವು ಎಲ್ಲಿಯ ತನಕ ಎಂಬುದನ್ನು, ವರ್ಷದ ಅತ್ಯಂತ ಒಣಕಾಲದಲ್ಲಿ ನೀರಿನ ಲವಣಾಂಶವು ಸಾವಿರಕ್ಕೆ 5 ಭಾಗವಿರುವ ಸ್ಥಳದಿಂದ ನಿಶ್ಚಯಿಸುತ್ತಾರೆ. ಪ್ರಯೋಗಶಾಲೆಯ ಒಂದು ಅಳತೆಯು ಹೀಗೆ ಜಮೀನುದಾರನ ಹಕ್ಕಿನ ಎಲ್ಲೆಯಾಗಿದೆ. ಈ ವಲಯದಲ್ಲಿ ಮನಬಂದಂತೆ ಒಡ್ಡು ಹಾಕಿ ಸಮುದ್ರದ ನೀರಿನ ಸಹಜ ಗತಿಯನ್ನು ಕೆಡಿಸುವುದು ನಿಷಿದ್ಧ. ಉಪ್ಪುನೀರಿನ ನುಗ್ಗುವಿಕೆಯನ್ನು ತಡೆಯುವ ಕಟ್ಟಡಗಳಿಗೂ ಉಬ್ಬರವನ್ನು ನಿಯಂತ್ರಿಸುವ ಬಾಗಿಲುಗಳಿಗೂ ಕ್ರಮಪ್ರಕಾರ ಅವಕಾಶವುಂಟು. ಹೊಳೆಯಂಚಿನ ಕಾಂಡ್ಲಾ ಗಿಡಗಳು ಅಲೆಯ ಪೆಟ್ಟನ್ನು ತಗ್ಗಿಸಿ ಒಡ್ಡನ್ನು ಕಾಯುವುದಲ್ಲದೆ ಕಾಯಿದೆಯ ವಿಶೇಷ ರಕ್ಷಣೆಗೂ ಒಳಪಟ್ಟಿವೆ, ಅವನ್ನು ಕಡಿಯಬಾರದು.

ಗ್ರಾಮಸ್ಥರು ಮಾಡತಕ್ಕದ್ದು

ಸಿಗಡಿಯ ಆದಾಯಕ್ಕಾಗಿ ಉಪ್ಪುನೀರನ್ನು ಮಳೆಗಾಲದ ಹೊಸ್ತಿಲವರೆಗೂ ನಿಲ್ಲಿಸಿಕೊಂಡರೆ ನೆರೆಯವನ ಗದ್ದೆ ತೊಳೆಯಲು ಅವಕಾಶವಿಲ್ಲದೆ ಹೋಗುತ್ತದೆ. ಈ ವ್ಯಾಜ್ಯವು ಬಹುಮಟ್ಟಿಗೆ ತೂಬಿನ ಬಾಗಿಲು ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಆದುದರಿಂದ ಈ ಕೆಳಗಿನ ಕ್ರಮಗಳು ಹಿತಕರವಾಗಿವೆ:

1. ತೂಬನ್ನು ತೆರೆಯುವ ಮತ್ತು ಮುಚ್ಚುವ ದಿನಗಳನ್ನು ಬಯಲಿನ ಎಲ್ಲ ಹಿಡುವಳಿದಾರರು ಸಭೆ ಸೇರಿ ನಿರ್ಣಯಿಸಿ, ಬರೆದು, ಸಹಿ ಮಾಡಿಡಬೇಕು. ಸಿಗಡಿಯ ಗುತ್ತಿಗೆ ಪತ್ರದಲ್ಲಿಯೂ ಅದೇ ದಿನಗಳು ಇರತಕ್ಕದ್ದು.

2. ಬೇಸಗೆಯ ಕೊನೆಯಲ್ಲಿಯೂ ಬಿತ್ತನೆಗೆ ಮುಂಚೆಯೂ ಒಂದೇ ಸ್ಥಳದ ಮಣ್ಣನ್ನು ತೆಗೆದು, ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ವರ್ಷವರ್ಷವೂ ಕಾದಿಡಬೇಕು. ವಿವಾದ ಬಂದಲ್ಲಿ ಬಾಯಿಮಾತಿಗಿಂತ ಈ ಅಂಕೆಗಳು ಬಲವಾದ ಸಾಕ್ಷ್ಯವಾಗುತ್ತವೆ.

3. ಒಡ್ಡಿನ ಬಿರುಕು ಮತ್ತು ಏಡಿಯ ಬಿಲಗಳನ್ನು ಮಳೆಗೆ ಮೊದಲೇ ಮುಚ್ಚಬೇಕು. ಹೊಸ ಒಡ್ಡನ್ನು ಕಟ್ಟುವುದಕ್ಕೆ ಮುಂಚೆ ಅನುಮತಿಯನ್ನು ವಿಚಾರಿಸಬೇಕು.

4. ಕಗ್ಗದ ಬೀಜವನ್ನು ಕೈಬಿಡಬಾರದು. ರೈತನು ತನ್ನ ಬೀಜವನ್ನು ಉಳಿಸಿ, ಬಿತ್ತಿ, ವಿನಿಮಯ ಮಾಡುವ ಹಕ್ಕನ್ನೂ, ರೈತರ ತಳಿಯನ್ನು ನೋಂದಾಯಿಸುವ ಅವಕಾಶವನ್ನೂ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಒದಗಿಸಿದೆ.

ಇವುಗಳಲ್ಲಿ ಮೊದಲನೆಯದಕ್ಕೆ ಹಣದ ಖರ್ಚಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿಯೊಂದು ಗಜನಿ ಗ್ರಾಮದಲ್ಲಿಯೂ ಇಂಥ ಒಂದು ಸಭೆಯು ನಡೆಯುವುದು ಯುಕ್ತ.