ರಿಯಾಯಿತಿಯನ್ನು ಅಳೆಯುವುದು ಹೇಗೆ?

ಮಧುಗಿರಿಯ ಏಕಶಿಲಾ ಬೆಟ್ಟದ ಎತ್ತರವೆಷ್ಟು? ಸಮುದ್ರಮಟ್ಟದಿಂದ ಅಳೆದರೆ ಸುಮಾರು 1,200 ಮೀಟರು. ಬುಡದಲ್ಲಿರುವ ಪಟ್ಟಣದಿಂದ ಅಳೆದರೆ ಸುಮಾರು 400 ಮೀಟರು. ಬೆಟ್ಟ ಒಂದೇ. ಅಳತೆಯ ಮೂಲಬಿಂದು ಬೇರೆಯಾದುದರಿಂದ ಸಂಖ್ಯೆಗಳು ಬೇರೆಯಾದುವು. ಅಳೆಯುವ ಮೊದಲು ಮೂಲಬಿಂದುವನ್ನು ನಿರ್ಧರಿಸಿಕೊಳ್ಳಬೇಕೆಂಬುದು ಭೌತಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಅಂಗಡಿಯ ಮುಂದೆ ಈ ಪಾಠವನ್ನು ಮರೆತರೆ ಆಗುವುದೇನೆಂಬುದನ್ನು ನಾವು ಸ್ವಂತ ಅನುಭವದಿಂದ ಕಲಿತೆವು.

ನಾವು ಪಿ.ಯು.ಸಿ. ಓದುತ್ತಿದ್ದ ಕಾಲ. ನಮ್ಮೂರು ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ. ಕ್ಯಾಲ್ಕುಲೇಟರ್ ಕೊಳ್ಳಲೆಂದು ತಾಯಿಯವರು 400 ರೂಪಾಯಿ ಕೊಟ್ಟಿದ್ದರು. ಆ ಹಣವಿನ್ನೂ ಜೇಬಿನಲ್ಲಿರುವಾಗಲೇ ಜಾತ್ರೆ ಬಂದಿತು. ಅಲ್ಲಿ ಒಬ್ಬ ವ್ಯಾಪಾರಿ “600 ರೂಪಾಯಿಯ ಕೈಗಡಿಯಾರ, ಇವತ್ತು ಮಾತ್ರ 250” ಎಂದು ಕೂಗುತ್ತಿದ್ದ. ಕೊಂಡೆವು. 350 ರೂಪಾಯಿ ಲಾಭವಾಯಿತೆಂದು ಮನೆಗೆ ಬಂದು ಹೇಳಿದೆವು. ಕಡಲೆಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದ ತಾಯಿಯವರಿಗೆ ಆಗ ದಿನಕ್ಕೆ 50 ರೂಪಾಯಿ ಸಿಗುತ್ತಿತ್ತು. ಅವರು ಗಡಿಯಾರವನ್ನು ಕೈಯಲ್ಲಿ ಹಿಡಿದು ನೋಡಿ, “ಐದು ದಿನದ ಕೂಲಿ ಕಣಪ್ಪ ಇದು” ಎಂದಷ್ಟೇ ಹೇಳಿದರು. ಎರಡು ತಿಂಗಳಲ್ಲಿ ಗಡಿಯಾರ ನಿಂತುಹೋಯಿತು. ಆ ವರ್ಷವೆಲ್ಲ ಲೆಕ್ಕ ಮಾಡಲು ಸಹಪಾಠಿಗಳ ಕ್ಯಾಲ್ಕುಲೇಟರನ್ನು ಬೇಡಬೇಕಾಯಿತು.

ನಮ್ಮ ತಪ್ಪನ್ನು ಈಗ ಪರಿಶೀಲಿಸೋಣ. ನಾವು 600ರಿಂದ ಕೆಳಕ್ಕೆ ಅಳೆದೆವು. ತಾಯಿಯವರು ಸೊನ್ನೆಯಿಂದ ಮೇಲಕ್ಕೆ ಅಳೆದರು. 600 ಎಂಬ ಮೂಲಬಿಂದುವನ್ನು ನಮಗೆ ಒದಗಿಸಿದವನು ಮಾರುವವನೇ. ಆ ಬೆಲೆಗೆ ಯಾರಾದರೂ ಅದನ್ನು ಕೊಂಡಿದ್ದರೆಂಬುದಕ್ಕೆ ಆಧಾರವಿರಲಿಲ್ಲ. ಪೊಟ್ಟಣಗಳ ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆಯೂ ವಸ್ತುವಿನ ಮೌಲ್ಯದ ಅಳತೆಯಲ್ಲ. ಅದಕ್ಕಿಂತ ಹೆಚ್ಚಿಗೆ ಮಾರಕೂಡದೆಂಬ ಮಿತಿ ಮಾತ್ರ ಅದು.

ಇಂದ್ರಿಯಗಳ ರೀತಿಯೂ ಇಲ್ಲಿ ನಮ್ಮನ್ನು ದಾರಿತಪ್ಪಿಸುತ್ತದೆ. ಅರ್ಧ ಕಿಲೋಗ್ರಾಂ ಹಿಡಿದ ಕೈಗೆ ಇನ್ನು 50 ಗ್ರಾಂ ಸೇರಿಸಿದರೆ ವ್ಯತ್ಯಾಸ ತಿಳಿಯುತ್ತದೆ. 20 ಕಿಲೋಗ್ರಾಂ ಮೂಟೆಗೆ ಅಷ್ಟನ್ನೇ ಸೇರಿಸಿದರೆ ತಿಳಿಯದು. ನಮಗೆ ಅರಿವಾಗುವುದು ವ್ಯತ್ಯಾಸದ ಮೊತ್ತವಲ್ಲ, ಮೂಲದೊಡನೆ ಅದರ ಪ್ರಮಾಣ. ಇದನ್ನು 19ನೆಯ ಶತಮಾನದಲ್ಲಿ ಜರ್ಮನಿಯ ವೇಬರ್ ಎಂಬ ವಿಜ್ಞಾನಿ ತೋರಿಸಿಕೊಟ್ಟನು.

ಹಣದ ವಿಷಯದಲ್ಲಿಯೂ ಹೀಗೆಯೇ ಎಂಬುದನ್ನು ಟ್ವೆರ್ಸ್ಕಿ ಮತ್ತು ಕಾಹ್ನೆಮನ್ ಎಂಬ ಮನೋವಿಜ್ಞಾನಿಗಳು 1981ರಲ್ಲಿ ಪ್ರಕಟಿಸಿದರು. 15 ಡಾಲರಿನ ಕ್ಯಾಲ್ಕುಲೇಟರ್ 20 ನಿಮಿಷದ ದಾರಿಯಲ್ಲಿ ಇನ್ನೊಂದು ಅಂಗಡಿಯಲ್ಲಿ 10 ಡಾಲರಿಗೆ ಸಿಗುವುದಾದರೆ ಹೋಗುವಿರಾ ಎಂದು ಕೇಳಿದಾಗ ಶೇಕಡಾ 68 ಮಂದಿ ಹೋಗುವೆವೆಂದರು. 125 ಡಾಲರಿನದು 120ಕ್ಕೆ ಸಿಗುವುದೆಂದಾಗ ಹಾಗೆಂದವರು ಶೇಕಡಾ 29 ಮಂದಿ ಮಾತ್ರ. ಎರಡು ಸಂದರ್ಭಗಳಲ್ಲಿಯೂ ಉಳಿಯುವುದು 5 ಡಾಲರೇ! ಶೇಕಡಾವಾರನ್ನು ದೊಡ್ಡಕ್ಷರಗಳಲ್ಲಿ ಬರೆಯುವುದು ಏಕೆಂಬುದು ಈಗ ಸ್ಪಷ್ಟವಾಯಿತಲ್ಲವೆ?

ಇದಕ್ಕೆ ಪರಿಹಾರವೆಂದರೆ ನಮ್ಮದೇ ಮಾನಗಳಿಂದ ಅಳೆಯುವುದು. ಅಂಥ ಮೂರನ್ನು ಇಲ್ಲಿ ಕೊಟ್ಟಿದೆ.

ಮೊದಲನೆಯದು, ಏಕಮಾನದ ಬೆಲೆ. 200 ಗ್ರಾಂ ಪೊಟ್ಟಣಕ್ಕೆ 90 ರೂಪಾಯಿ, 500 ಗ್ರಾಂನ ‘ಉಳಿತಾಯದ ಪೊಟ್ಟಣ’ಕ್ಕೆ 240 ರೂಪಾಯಿ ಎಂದಿರಲಿ. 100 ಗ್ರಾಂಗೆ ಮೊದಲನೆಯದು 45, ಎರಡನೆಯದು 48 ರೂಪಾಯಿ ಬಿದ್ದಂತಾಯಿತು. ಉಳಿತಾಯವು ಹೆಸರಿನಲ್ಲಿ ಮಾತ್ರವಿದೆ.

ಎರಡನೆಯದು, ಬಳಕೆಯ ಬೆಲೆ. 300 ರೂಪಾಯಿಯ ಚಪ್ಪಲಿ ಆರು ತಿಂಗಳು ಬಂದರೆ ತಿಂಗಳಿಗೆ 50 ರೂಪಾಯಿ. 720 ರೂಪಾಯಿಯದು ಎರಡು ವರ್ಷ ಬಂದರೆ ತಿಂಗಳಿಗೆ 30 ರೂಪಾಯಿ. ಹಾಗೆಂದು ಬೆಲೆ ಹೆಚ್ಚಿದ್ದುದೆಲ್ಲ ಬಾಳಿಕೆಯದೆಂದು ಭಾವಿಸಬಾರದು. ಹೊಲಿಗೆ, ಅಟ್ಟೆಗಳನ್ನು ಪರೀಕ್ಷಿಸಿ, ಬಳಸಿದವರನ್ನು ವಿಚಾರಿಸಿ ಅಂದಾಜು ಮಾಡಬೇಕು. ಬಳಸದೆ ಮೂಲೆಯಲ್ಲಿ ಬೀಳುವ ವಸ್ತುವಿಗೆ ಎಷ್ಟು ಕೊಟ್ಟರೂ ದುಬಾರಿಯೇ. ‘ಎರಡು ಕೊಂಡರೆ ಒಂದು ಉಚಿತ’ ಎಂಬಲ್ಲಿ ನಮಗೆ ಬೇಕಾದುದು ಒಂದೇ ಆಗಿದ್ದರೆ, ನಾವು ತೆರುವುದು ಇಮ್ಮಡಿ ಹಣ.

ಮೂರನೆಯದು, ದುಡಿಮೆಯ ಬೆಲೆ. ವಸ್ತುವಿನ ಬೆಲೆಯನ್ನು ಮನೆಯಲ್ಲಿ ದುಡಿಯುವವರ ಒಂದು ದಿನದ ಸಂಪಾದನೆಯಿಂದ ಭಾಗಿಸಿದರೆ, ಅದಕ್ಕೆ ತಗಲುವ ದಿನಗಳು ತಿಳಿಯುತ್ತವೆ. ನಮ್ಮ ತಾಯಿಯವರು ಮಾಡಿದ್ದು ಈ ಭಾಗಾಕಾರವನ್ನೇ.

ಖರ್ಚೇ ಮಾಡಬಾರದೆಂದು ನಾವು ಹೇಳುತ್ತಿಲ್ಲ. ಜಾತ್ರೆಯಲ್ಲಿ ಬತ್ತಾಸು, ಕಡಲೆಪುರಿ ಕೊಂಡು ತಿಂದ ಸಂತೋಷಕ್ಕೂ ಬೆಲೆಯುಂಟು. ಮೊದಲೇ ಗೊತ್ತುಮಾಡಿಕೊಂಡ ವಸ್ತುವಿಗೆ ರಿಯಾಯಿತಿ ದೊರೆತರೆ ಅದು ನಿಜವಾದ ಉಳಿತಾಯ. “ಇವತ್ತು ಮಾತ್ರ” ಎಂಬ ಮಾತು ಕೇಳಿಬಂದಾಗ ಒಂದು ರಾತ್ರಿ ತಡೆದು ಯೋಚಿಸುವುದು ಲೇಸು. ಮರುದಿನವೂ ಬೇಕೆನಿಸಿದುದು ಬಹುಶಃ ಬೇಕಾದುದೇ ಇರಬೇಕು.

ಕೊನೆಗೊಂದು ಅಭ್ಯಾಸ. 1,000 ರೂಪಾಯಿಯ ಬಟ್ಟೆಗೆ ಮೊದಲು ಶೇಕಡಾ 50, ಉಳಿದುದರ ಮೇಲೆ ಮತ್ತೆ ಶೇಕಡಾ 20 ರಿಯಾಯಿತಿ. ಒಟ್ಟು ಶೇಕಡಾ 70 ಎಂದು ಉತ್ತರಿಸುವವರೇ ಹೆಚ್ಚು. ಲೆಕ್ಕ ಹಾಕಿದರೆ ತೆರಬೇಕಾದುದು 300 ಅಲ್ಲ, 400 ರೂಪಾಯಿ. ರಿಯಾಯಿತಿ ಶೇಕಡಾ 60. ಇಷ್ಟಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಆ 400 ರೂಪಾಯಿ ನಿಮ್ಮ ಮನೆಯಲ್ಲಿ ಯಾರ ಎಷ್ಟು ಹೊತ್ತಿನ ದುಡಿಮೆ? ಇದರ ಉತ್ತರವನ್ನು ವಿದ್ಯಾರ್ಥಿಗಳು ಮನೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು.